ಹೆಸರಿಲ್ಲದಿದ್ದ ವೃತ್ತಿ: ಯೂರೋಪಿನ ಸಾಫ್ಟ್‌ವೇರ್ ದುಡಿಮೆಯ ಕಥೆ

ನಮ್ಮ ಮನೆಗಳಲ್ಲಿ ಈಚೆಗೆ ಹೊಸದೊಂದು ಭೂಗೋಳ ಬೆಳೆದಿದೆ. ಒಂದು ಕಾಲಕ್ಕೆ ಊರಿನ ಜಗುಲಿಯ ಮೇಲೆ ಕುಳಿತವರು ಮುಂಬಯಿ, ಪುಣೆ, ಮದರಾಸುಗಳ ಹೆಸರನ್ನು ಹೇಗೆ ಆಡುತ್ತಿದ್ದರೋ ಹಾಗೆಯೇ ಇಂದು ನಾವು ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್, ವಾಲ್‌ಡಾರ್ಫ್ ಎಂಬ ಹೆಸರುಗಳನ್ನು ಆಡುತ್ತಿದ್ದೇವೆ. ಹುಡುಗ ಅಲ್ಲಿ ಮಾಡುವುದೇನು ಎಂದು ಅಜ್ಜಿ ಕೇಳಿದರೆ “ಕಂಪ್ಯೂಟರಿನ ಕೆಲಸ” ಎಂದು ಹೇಳಿ ಮಾತು ಮುಗಿಸುವುದು ರೂಢಿ. ಆದರೆ ಆ ಕೆಲಸಕ್ಕೆ ಯೂರೋಪಿನಲ್ಲಿ ಎಪ್ಪತ್ತು ವರ್ಷಕ್ಕೂ ಮಿಕ್ಕ ಚರಿತ್ರೆಯುಂಟು. ಪರಸ್ಥಳದಲ್ಲಿ ನೆಲೆಯೂರಿದ ನಮ್ಮಂಥವರಿಗೆ ಆ ಚರಿತ್ರೆಯಲ್ಲಿ ಪರಿಚಿತವೆನಿಸುವ ಸಂಗತಿಗಳು ಅನೇಕ ಇರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ.

ಈ ವೃತ್ತಿ ಹುಟ್ಟಿದಾಗ ಅದಕ್ಕೆ ಸಮಾಜದಲ್ಲಿ ಹೆಸರೇ ಇರಲಿಲ್ಲ. ಎಡ್ಸ್‌ಗರ್ ಡೈಕ್‌ಸ್ಟ್ರ ಎಂಬ ಡಚ್ ತರುಣನು 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿ ಸೇರಿದನು. ಅವನು ಓದುತ್ತಿದ್ದುದು ಲೇಡನ್ನಿನಲ್ಲಿ ಭೌತಶಾಸ್ತ್ರವನ್ನು. ಮೂರು ವರ್ಷ ಕಳೆದ ಮೇಲೆ ಅವನಿಗೆ ಚಿಂತೆ ಹತ್ತಿತು, ಭೌತಶಾಸ್ತ್ರವೋ, ಪ್ರೋಗ್ರಾಮಿಂಗೋ? ಎರಡನೆಯದಕ್ಕೆ ಶಾಸ್ತ್ರವೆಂಬುದೇ ಇಲ್ಲವಲ್ಲ, ನಾಳೆ ಯಾರಾದರೂ “ನಿನ್ನ ವಿದ್ಯೆ ಏನು?” ಎಂದರೆ ಏನು ತೋರಿಸಲಿ ಎಂದು ತನ್ನ ಮೇಲಧಿಕಾರಿ ವಾನ್ ವೈನ್‌ಹಾರ್ಡನ್ನರ ಬಾಗಿಲು ತಟ್ಟಿದನು. ಅವರು, ಗಣಕಯಂತ್ರಗಳು ಇನ್ನು ಹೋಗುವಂಥವಲ್ಲ, ಶಾಸ್ತ್ರವಿಲ್ಲದಿದ್ದರೆ ಅದನ್ನು ಕಟ್ಟುವವರಲ್ಲಿ ನೀನೇ ಏಕೆ ಒಬ್ಬನಾಗಬಾರದು ಎಂಬರ್ಥದ ಮಾತಾಡಿ ಕಳುಹಿಸಿದರು. 1957ರಲ್ಲಿ ಅವನ ಮದುವೆಯಾಯಿತು. ನೋಂದಣಿಯಲ್ಲಿ ವರನ ಉದ್ಯೋಗವನ್ನು ಬರೆಯಬೇಕು. ಅವನು “ಪ್ರೋಗ್ರಾಮರ್” ಎಂದನು. ಅಂಥ ಉದ್ಯೋಗವೇ ಇಲ್ಲವೆಂದು ಆಮ್‌ಸ್ಟರ್‌ಡ್ಯಾಮಿನ ಪೌರಾಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ “ಸೈದ್ಧಾಂತಿಕ ಭೌತವಿಜ್ಞಾನಿ” ಎಂದು ಬರೆಸಿ ಕಾರ್ಯ ಮುಗಿಸಬೇಕಾಯಿತು. ಅದೇ ಡೈಕ್‌ಸ್ಟ್ರನಿಗೆ 1972ರಲ್ಲಿ ಈ ಕ್ಷೇತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರೆತು, ಆ ಸಂದರ್ಭದ ಭಾಷಣದಲ್ಲಿ ಈ ಕಥೆಯನ್ನು ಅವನೇ ಹೇಳಿಕೊಂಡನು. ಅಂದ ಹಾಗೆ, ಇಂದು ನಮ್ಮ ಶಾಲಾ ಮಕ್ಕಳೂ ಕಲಿಯುವ ಪೈಥಾನ್ ಎಂಬ ಗಣಕಭಾಷೆಯನ್ನು ಗೀಡೊ ವಾನ್ ರಾಸಮ್ ಎಂಬಾತ 1989ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯತೊಡಗಿದ್ದು ಇದೇ ಸಂಸ್ಥೆಯ ಉದ್ಯೋಗಿಯಾಗಿದ್ದಾಗ. ಆ ಹೊತ್ತಿಗೆ ಅದರ ಹೆಸರು ಮಾತ್ರ ಬದಲಾಗಿತ್ತು.

ಇಂಗ್ಲೆಂಡಿನಲ್ಲಿ ಈ ಕಸುಬು ವಿದ್ಯಾಪೀಠದಿಂದ ಅಂಗಡಿಗೆ ಇಳಿದ ಬಗೆ ಇನ್ನೂ ಸ್ವಾರಸ್ಯವಾದುದು. ವ್ಯಾಪಾರದ ಲೆಕ್ಕಕ್ಕೆ ಗಣಕವನ್ನು ಮೊದಲು ನಿತ್ಯವೂ ದುಡಿಸಿದವರು ಬ್ಯಾಂಕಿನವರಲ್ಲ, ಸರಕಾರದವರೂ ಅಲ್ಲ, ಚಹದಂಗಡಿಯವರು! ಲಂಡನ್ನಿನ ಲಯನ್ಸ್ ಕಂಪೆನಿಯು ಲಿಯೋ ಎಂಬ ಯಂತ್ರವನ್ನು ತಾನೇ ಕಟ್ಟಿಸಿ 1951ರ ನವೆಂಬರಿನಲ್ಲಿ ತನ್ನ ಬೇಕರಿಯ ಲೆಕ್ಕಕ್ಕೆ ಹಚ್ಚಿತು. ಪ್ರೋಗ್ರಾಮರುಗಳನ್ನು ಹೊರಗಿನಿಂದ ತರುವುದಕ್ಕೆ ಅಂಥವರು ಎಲ್ಲಿದ್ದರು? ತನ್ನಲ್ಲಿದ್ದ ಗುಮಾಸ್ತರನ್ನೇ ಪರೀಕ್ಷಿಸಿ ಆರಿಸಿಕೊಂಡಿತು. ಇಡ್ಲಿ, ಕಾಫಿಯ ವ್ಯಾಪಾರದಿಂದ ಮಕ್ಕಳನ್ನು ಇಂಜಿನಿಯರುಗಳನ್ನಾಗಿ ಮಾಡಿದ ನಮ್ಮ ಹೋಟೆಲಿನ ಹಿರಿಯರು ಇದನ್ನು ಕೇಳಿದ್ದರೆ ಬಹಳ ಸಂತೋಷಪಡುತ್ತಿದ್ದರು.

ಇದೇ ಇಂಗ್ಲೆಂಡಿನಲ್ಲಿ ಸ್ಟೆಫನಿ ಶರ್ಲಿ ಎಂಬ ಮಹಿಳೆ ಮಾಡಿದ ಕೆಲಸವನ್ನು ನಮ್ಮ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಆಕೆ ಹುಟ್ಟಿದ್ದು 1933ರಲ್ಲಿ, ಜರ್ಮನಿಯ ಡಾರ್ಟ್‌ಮುಂಡಿನಲ್ಲಿ. ತಂದೆ ಯಹೂದಿ, ನ್ಯಾಯಾಧೀಶ. ನಾಜಿಗಳು ಆ ಹುದ್ದೆಯನ್ನು ಕಿತ್ತುಕೊಂಡರು. 1939ರಲ್ಲಿ ವಿಯೆನ್ನಾದಿಂದ ನಿರಾಶ್ರಿತ ಮಕ್ಕಳನ್ನು ಹೊತ್ತು ಹೊರಟ ರೈಲಿನಲ್ಲಿ ಐದು ವರ್ಷದ ಆ ಮಗು ತನ್ನ ಅಕ್ಕನ ಕೈ ಹಿಡಿದು ಇಂಗ್ಲೆಂಡಿಗೆ ಬಂದಿತು. ಮುಂದೆ ಅಂಚೆ ಇಲಾಖೆಯ ಸಂಶೋಧನಾಲಯದಲ್ಲಿ ಗಣಕದ ಕೆಲಸ ಕಲಿತು, ಹೆಣ್ಣೆಂಬ ಕಾರಣಕ್ಕೆ ಮೇಲೇರಲಾರದೆ ಬೇಸತ್ತು, 1962ರಲ್ಲಿ ಆರು ಪೌಂಡಿನ ಬಂಡವಾಳದಿಂದ ತನ್ನ ಊಟದ ಮೇಜಿನ ಮೇಲೆಯೇ ಒಂದು ಕಂಪೆನಿಯನ್ನು ತೆರೆದಳು. ಮದುವೆಯಾಗಿ, ಮಕ್ಕಳಾಗಿ ಕೆಲಸ ಬಿಟ್ಟ ಸ್ತ್ರೀಯರನ್ನೇ ಹುಡುಕಿ, ಅವರವರ ಮನೆಗಳಿಂದಲೇ ಕೆಲಸ ಮಾಡಿಸಿದಳು. ಮನೆಯಲ್ಲಿ ಯಂತ್ರವಿರಲಿಲ್ಲ, ಪೆನ್ಸಿಲ್ಲಿನಿಂದ ಕಾಗದದ ಮೇಲೆ ಪ್ರೋಗ್ರಾಮು ಬರೆದು ಅಂಚೆಗೆ ಹಾಕಿದರೆ ಅದು ರಂಧ್ರಪಟ್ಟಿಯಾಗಿ ಎಲ್ಲಿಯೋ ಇದ್ದ ಯಂತ್ರವನ್ನು ಸೇರುತ್ತಿತ್ತು. ಗಿರಾಕಿಗಳಿಗೆ ಬರೆದ ಪತ್ರಗಳಿಗೆ ಉತ್ತರವೇ ಬಾರದಿದ್ದಾಗ ಗಂಡನ ಸಲಹೆಯಂತೆ “ಸ್ಟೀವ್” ಎಂಬ ಗಂಡಸಿನ ಹೆಸರಿನಲ್ಲಿ ರುಜು ಹಾಕತೊಡಗಿದಳು. ಕೂಡಲೇ ಉತ್ತರಗಳು ಬಂದವು! ದೂರವಾಣಿಯಲ್ಲಿ ಮಾತಾಡುವಾಗ ಮಗುವಿನ ಸದ್ದು ಕೇಳಿಸಬಾರದೆಂದು ಟೈಪ್‌ರೈಟರಿನ ಸದ್ದನ್ನು ಟೇಪಿನಲ್ಲಿ ಹಾಕಿಡುತ್ತಿದ್ದಳಂತೆ. ಕಾಂಕಾರ್ಡ್ ವಿಮಾನದ ಕಪ್ಪುಪೆಟ್ಟಿಗೆಯ ಪ್ರೋಗ್ರಾಮು ಈ ಗೃಹಿಣಿಯರ ಕೈಯಿಂದ ಬಂದುದು. 1975ರ ಸಮಾನತಾ ಕಾನೂನು ಬಂದ ಮೇಲೆ ಈ ಕಂಪೆನಿ ಗಂಡಸರಿಗೂ ಕೆಲಸ ಕೊಡಬೇಕಾಯಿತೆಂಬುದು ವಿನೋದದ ಸಂಗತಿ. ಆಕೆ 2025ರಲ್ಲಿ ತೀರಿಕೊಂಡಳು. ಮನೆಯಿಂದಲೇ ಕೆಲಸ ಮಾಡುವುದು 2020ರ ಪಿಡುಗಿನಿಂದ ಹುಟ್ಟಿತೆಂದು ತಿಳಿದವರು ಈ ಕಥೆಯನ್ನು ಓದಬೇಕು.

1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಬೆಟ್ಟದೂರಿನಲ್ಲಿ ಪಂಡಿತರು ಸೇರಿ “ಸಾಫ್ಟ್‌ವೇರ್ ಇಂಜಿನಿಯರಿಂಗ್” ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ನಾಲ್ಕು ವರ್ಷಗಳ ತರುವಾಯ, 1972ರಲ್ಲಿ, ಐ.ಬಿ.ಎಂ. ಬಿಟ್ಟ ಐವರು ಇಂಜಿನಿಯರುಗಳು ದಕ್ಷಿಣ ಜರ್ಮನಿಯಲ್ಲಿ ಎಸ್.ಎ.ಪಿ. ಎಂಬ ಸಂಸ್ಥೆಯನ್ನು ಕಟ್ಟಿದರು. ಮೊದಮೊದಲು ಅವರಲ್ಲಿ ಸ್ವಂತ ಗಣಕವಿರಲಿಲ್ಲ. ಗಿರಾಕಿಯಾದ ನೈಲಾನ್ ಕಾರಖಾನೆಯ ಯಂತ್ರದ ಮೇಲೆ ರಾತ್ರಿಗಳಲ್ಲಿಯೂ ವಾರಾಂತ್ಯಗಳಲ್ಲಿಯೂ ಕುಳಿತು ದುಡಿದರು. ಹಗಲು ಗಲ್ಲಾಪೆಟ್ಟಿಗೆಯ ಮುಂದೆ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕಳೆದ ಮುಂಬಯಿಯ ಕನ್ನಡಿಗರಿಗೆ ಇಂಥ ರಾತ್ರಿಗಳ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ. ಆ ಸಂಸ್ಥೆಯು 1998ರಲ್ಲಿ ಬೆಂಗಳೂರಿಗೆ ಬಂದು ತನ್ನ ಪ್ರಯೋಗಶಾಲೆಯನ್ನು ತೆರೆಯಿತು. ಅಲ್ಲಿ ಕೆಲಸ ಕಲಿತವರಿಗೆ ವಾಲ್‌ಡಾರ್ಫ್ ದೂರದ ಊರಾಗಿ ಉಳಿಯಲಿಲ್ಲ.

ಇನ್ನು ನಮ್ಮವರು ಹೋದ ಕಥೆ. ಜರ್ಮನಿಯು 1973ರ ತೈಲ ಮುಗ್ಗಟ್ಟಿನ ಕಾಲದಲ್ಲಿ ವಿದೇಶೀ ಕೆಲಸಗಾರರನ್ನು ಕರೆಸಿಕೊಳ್ಳುವುದನ್ನು ನಿಲ್ಲಿಸಿಬಿಟ್ಟಿತ್ತು. ಅದಕ್ಕೆ ಮುಂಚೆ ಬಂದ ತುರ್ಕರನ್ನು “ಅತಿಥಿ ಕೆಲಸಗಾರ”ರೆಂದು ಕರೆದರು. ಅತಿಥಿಯೆಂದರೆ ಹೋಗಬೇಕಾದವನು ಎಂದೇ ಅದರರ್ಥ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಎರಡು ಸಾವಿರನೆಯ ಇಸವಿಯ ಸಮಸ್ಯೆ, ಯೂರೋ ನಾಣ್ಯದ ಬದಲಾವಣೆ, ಇಂಟರ್‌ನೆಟ್ಟಿನ ಅಬ್ಬರ ಎಲ್ಲವೂ ಒಮ್ಮೆಗೇ ಬಂದು ಪ್ರೋಗ್ರಾಮರುಗಳಿಗೆ ಬರಗಾಲವಾಯಿತು. 2000ದ ಫೆಬ್ರುವರಿಯಲ್ಲಿ ಪ್ರಧಾನಿ ಶ್ರೋಡರರು ಹ್ಯಾನೋವರಿನ ಮೇಳದಲ್ಲಿ “ಗ್ರೀನ್ ಕಾರ್ಡ್” ಯೋಜನೆಯನ್ನು ಸಾರಿದರು. ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು. ಇಪ್ಪತ್ತು ಸಾವಿರ ಮಂದಿಗೆ ಅವಕಾಶ. ಪದವಿ ಇರಬೇಕು, ಇಲ್ಲವೇ ವರ್ಷಕ್ಕೆ ಒಂದು ಲಕ್ಷ ಮಾರ್ಕಿನ ಸಂಬಳವಿರಬೇಕು. ಅವಧಿ ಐದೇ ವರ್ಷ.

ಆ “ಐದೇ ವರ್ಷ”ವನ್ನು ವಾಚಕರು ಗಮನಿಸಬೇಕು. ಅಮೆರಿಕದ ಗ್ರೀನ್ ಕಾರ್ಡು ಎಂದರೆ ಕಾಯಂ ವಾಸ. ಹೆಸರು ಮಾತ್ರ ಅದರದು, ಹುರುಳು ಬೇರೆ. ಐದು ವರ್ಷಕ್ಕೆಂದು ಯಾರು ಮನೆ ಕೊಳ್ಳುವರು, ಯಾವ ಮಗುವನ್ನು ಯಾವ ಭಾಷೆಯ ಶಾಲೆಗೆ ಸೇರಿಸುವರು? ಜೊತೆಗೆ ಹೋದ ಹೆಂಡತಿಗೆ ಹೋದ ಕೂಡಲೇ ದುಡಿಯುವ ಹಕ್ಕೂ ಇರಲಿಲ್ಲ. ಇಷ್ಟು ಸಾಲದೆಂಬಂತೆ, ಆ ವರ್ಷದ ಪ್ರಾಂತೀಯ ಚುನಾವಣೆಯಲ್ಲಿ ರ್ಯುಟ್‌ಗರ್ಸ್ ಎಂಬ ಮುಖಂಡರ ಪ್ರಚಾರವು “ಕಿಂಡರ್ ಶ್ಟಾಟ್ ಇಂಡರ್”, ಅಂದರೆ “ಭಾರತೀಯರ ಬದಲು ಮಕ್ಕಳು”, ಎಂಬ ಪ್ರಾಸದ ಘೋಷಣೆಯಿಂದ ಕುಖ್ಯಾತವಾಯಿತು. ಚುನಾವಣೆಯಲ್ಲಿ ಅವರ ಪಕ್ಷ ಸೋತಿತೆನ್ನಿ. ಕರೆದ ಮನೆಯ ಬಾಗಿಲಲ್ಲೇ ಇಂಥ ಮಾತು ಕೇಳಿಬಂದರೆ ಯಾರು ತಾನೆ ಉತ್ಸಾಹದಿಂದ ಹೋದಾರು? ಬಂದವರಲ್ಲಿ ಭಾರತೀಯರ ಗುಂಪೇ ದೊಡ್ಡದಾಗಿತ್ತಾದರೂ ಆ ಇಪ್ಪತ್ತು ಸಾವಿರ ಕೊನೆಗೂ ಭರ್ತಿಯಾಗಲಿಲ್ಲ. 2001ರ ಹೊತ್ತಿಗೆ ಇಂಟರ್‌ನೆಟ್ ಕಂಪೆನಿಗಳು ಮುಗ್ಗರಿಸಿ ಹಲವರ ಕೆಲಸವೂ ಹೋಯಿತು. ಯೋಜನೆ 2004ರ ಕೊನೆಗೆ ಮುಗಿದು, 2005ರ ಹೊಸ ಕಾನೂನು ಉಳಿಯಬಯಸುವವರಿಗೆ ದಾರಿ ತೋರಿತು.

ಆಮೇಲಿನ ಬದಲಾವಣೆಯನ್ನು ಚಿಕ್ಕದಾಗಿ ಹೇಳಬಹುದು. ಯೂರೋಪಿನ ಒಕ್ಕೂಟವು 2009ರಲ್ಲಿ “ನೀಲಿ ಕಾರ್ಡ”ನ್ನು ಗೊತ್ತುಮಾಡಿತು. ಇಂಗ್ಲೆಂಡ್, ಐರ್ಲೆಂಡ್, ಡೆನ್ಮಾರ್ಕ್‌ಗಳು ಅದಕ್ಕೆ ಸೇರಲಿಲ್ಲ. ಜರ್ಮನಿಯಲ್ಲಿ 2012ರಿಂದ ಅದು ನಡೆಯುತ್ತಿದೆ. 2023ರ ನವೆಂಬರಿನ ತಿದ್ದುಪಡಿಯಂತೆ 27 ತಿಂಗಳಿಗೆ ಕಾಯಂ ವಾಸದ ಪರವಾನಿಗೆ. ಜರ್ಮನ್ ಭಾಷೆಯನ್ನು ಮಧ್ಯಮ ಮಟ್ಟಕ್ಕೆ ಕಲಿತವರಿಗೆ 21 ತಿಂಗಳಿಗೇ. ಪದವಿಯಿಲ್ಲದಿದ್ದರೂ ಸಾಕಷ್ಟು ಅನುಭವವುಳ್ಳ ಗಣಕತಜ್ಞರಿಗೂ ಈಗ ಅದು ಸಿಗಬಲ್ಲುದು. 2024ರ ಅಕ್ಟೋಬರಿನಲ್ಲಿ ಆ ದೇಶವು ಭಾರತೀಯ ಕುಶಲಿಗಳಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಸಾರಿತು.

ಅಲ್ಲಿನ ಕಚೇರಿಯ ರೀತಿನೀತಿಗಳಲ್ಲಿ ಎರಡನ್ನು ಹೊರಡುವವರು ಮೊದಲೇ ಅರಿತಿರುವುದು ಲೇಸು. ಒಂದು, ನೌಕರರ ಮಂಡಲಿ. ಐದು ಮಂದಿ ಕಾಯಂ ನೌಕರರಿದ್ದಲ್ಲಿಯೂ ಇದನ್ನು ಚುನಾಯಿಸಿಕೊಳ್ಳಬಹುದು. ನೌಕರರ ದುಡಿಮೆಯನ್ನು ಅಳೆಯಬಲ್ಲ ಯಾವ ಯಂತ್ರವನ್ನಾಗಲಿ ಸಾಫ್ಟ್‌ವೇರನ್ನಾಗಲಿ ತರುವುದಕ್ಕೆ ಈ ಮಂಡಲಿಯ ಒಪ್ಪಿಗೆ ಬೇಕು. ಆದರೆ ಸಾಫ್ಟ್‌ವೇರಿನವರು ತಮಗೆ ಇದು ಬೇಡವೆಂದು ಬಹುಕಾಲ ನಂಬಿದ್ದರು, ಎಸ್.ಎ.ಪಿ.ಯಲ್ಲಿಯೇ 2006ರವರೆಗೆ ಮಂಡಲಿ ಇರಲಿಲ್ಲ. ಇನ್ನೊಂದು, ಕೆಲಸ ಬಿಡುವಾಗ ಕೊಡುವ ಪ್ರಮಾಣಪತ್ರ. ಇದನ್ನು ಪಡೆಯುವುದು ಪ್ರತಿ ನೌಕರನ ಹಕ್ಕು. ಅದು ನಿಜವೂ ಆಗಿರಬೇಕು, ಅವನ ಮುಂದಿನ ಬಾಳಿಗೆ ಅಡ್ಡಿಯೂ ಆಗಬಾರದು ಎಂಬುದು ಅಲ್ಲಿನ ನ್ಯಾಯಾಲಯಗಳ ನಿಲುವು. ಹೀಗಾಗಿ ಒಂದು ಗೂಢ ಭಾಷೆಯೇ ಬೆಳೆದಿದೆ. “ಯಾವಾಗಲೂ ನಮಗೆ ಪರಿಪೂರ್ಣ ತೃಪ್ತಿಯಾಗುವಂತೆ ದುಡಿದರು” ಎಂದಿದ್ದರೆ ಮೊದಲ ದರ್ಜೆ. ಬರೀ “ತೃಪ್ತಿಯಾಗುವಂತೆ” ಎಂದಿದ್ದರೆ ಹೇಗೋ ಪಾಸು. “ಪ್ರಯತ್ನಪಟ್ಟರು” ಎಂದಿದ್ದರೆ ನಪಾಸು! ನಮ್ಮವರು ಇದನ್ನು ಹೊಗಳಿಕೆಯೆಂದು ಓದಿ ಜೋಪಾನವಾಗಿ ಕಡತದಲ್ಲಿಟ್ಟರೆ ಮುಂದಿನ ಕೆಲಸ ಕೈತಪ್ಪುವುದು. ಹೆಣ್ಣಿನ ಕಡೆಯವರು ವರನನ್ನು ಕುರಿತು ವಿಚಾರಿಸಿದಾಗ ನೆರೆಯವರು “ಪಾಪ, ಸಾಧು ಹುಡುಗ” ಎಂದಷ್ಟೇ ಹೇಳಿ ಸುಮ್ಮನಾದರೆ ನಮಗೆ ಅರ್ಥವಾಗುವುದಿಲ್ಲವೇ? ಇದೂ ಹಾಗೆಯೇ.

ಇದರಿಂದ ಭಾಷೆಯ ಮಾತಿಗೆ ಬರುತ್ತೇವೆ. ಹಲವು ಕಂಪೆನಿಗಳಲ್ಲಿ ಇಂಗ್ಲಿಷಿನಿಂದಲೇ ಕೆಲಸ ಸಾಗುವುದು ನಿಜ. ಆದರೆ ಬಾಡಿಗೆಯ ಕರಾರು, ವೈದ್ಯರ ಚೀಟಿ, ಶಾಲೆಯ ಪತ್ರ, ಈ ಪ್ರಮಾಣಪತ್ರ ಎಲ್ಲವೂ ದೇಶಭಾಷೆಯಲ್ಲಿ. ಉತ್ತರ ಜರ್ಮನಿಯ ಹಳ್ಳಿಯಲ್ಲಿ ಹುಟ್ಟಿದ ಕಿಟ್ಟೆಲರು 1853ರಲ್ಲಿ ನಮ್ಮ ನಾಡಿಗೆ ಬಂದು, ಕನ್ನಡವನ್ನು ಬೇರುಸಹಿತ ಕಲಿತು, 1894ರಲ್ಲಿ ನಿಘಂಟನ್ನೇ ಕೊಟ್ಟುಹೋದರು. ನಮ್ಮ ಹುಡುಗರಿಂದ ನಿಘಂಟನ್ನು ಯಾರೂ ಕೇಳುತ್ತಿಲ್ಲ. ಮಧ್ಯಮ ಮಟ್ಟದ ಪರೀಕ್ಷೆಯೊಂದು ಸಾಕು. ಮರಾಠಿ, ತಮಿಳು, ತೆಲುಗುಗಳನ್ನು ಬೀದಿಯಲ್ಲಿ ಕಲಿತು ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡ ಮಕ್ಕಳಿಗೆ ಇದು ಅಸಾಧ್ಯವೇನಲ್ಲ.

ಕಡೆಗೆ ಬರುವ ಪ್ರಶ್ನೆ ಪಾಸ್‌ಪೋರ್ಟಿನದು. 2024ರ ಜೂನಿನಿಂದ ಜರ್ಮನಿಯು ಐದು ವರ್ಷ ನೆಲೆಸಿದವರಿಗೆ, ಭಾಷೆ ಮೊದಲಾದ ಷರತ್ತುಗಳಿಗೆ ಒಳಪಟ್ಟು, ಪೌರತ್ವ ಕೊಡುತ್ತಿದೆ; ಹಳೆಯ ಪೌರತ್ವವನ್ನು ಬಿಡಬೇಕೆಂದು ಅದು ಒತ್ತಾಯಿಸುವುದಿಲ್ಲ. ಆದರೆ ನಮ್ಮ ಸಂವಿಧಾನವು ಎರಡು ಪೌರತ್ವವನ್ನು ಒಪ್ಪದು. ಅದನ್ನು ಪಡೆದವನು ಭಾರತದ ಪಾಸ್‌ಪೋರ್ಟನ್ನು ಹಿಂದಿರುಗಿಸಿ ಸಾಗರೋತ್ತರ ಭಾರತೀಯನೆಂಬ ಕಾರ್ಡನ್ನು ತೆಗೆದುಕೊಳ್ಳಬೇಕು. ಅದರಿಂದ ಊರಿಗೆ ಬಂದುಹೋಗಬಹುದು, ಮತ ಹಾಕುವಂತಿಲ್ಲ, ಬೇಸಾಯದ ಜಮೀನು ಕೊಳ್ಳುವಂತಿಲ್ಲ. ಹಾಸನದಲ್ಲಿಯೋ ಕುಂದಾಪುರದಲ್ಲಿಯೋ ನಾಲ್ಕು ಗುಂಟೆ ಗದ್ದೆ ಇಟ್ಟುಕೊಂಡಿರುವ ತಂದೆ, ಆಮ್‌ಸ್ಟರ್‌ಡ್ಯಾಮಿನಿಂದಲೋ ಮ್ಯೂನಿಕ್ಕಿನಿಂದಲೋ ಭಾನುವಾರ ಕರೆಮಾಡುವ ಮಗಳು, ಇವರಿಬ್ಬರ ನಡುವೆ ನಮ್ಮ ಎಷ್ಟೋ ಮನೆಗಳಲ್ಲಿ ಈಗ ನಡೆಯುತ್ತಿರುವ ಮಾತು ಇದೇ.