ಜನವರಿ 26ರ ಆಚೆ ಈಚೆ

ರಾಯಚೂರು ಸೀಮೆಯ ಗುಂಜಹಳ್ಳಿಯಂಥ ಊರಿನವರ ವ್ಯಾಜ್ಯ ಎಷ್ಟೇ ಮೇಲೇರಿದರೂ ಒಂದು ಕಾಲಕ್ಕೆ ಹೈದರಾಬಾದಿನಲ್ಲೇ ಮುಗಿಯುತ್ತಿತ್ತು. ಅಲ್ಲಿನ ಹೈಕೋರ್ಟಿನ ಮೇಲೆ ನಿಜಾಮರ ಜುಡಿಷಿಯಲ್ ಕಮಿಟಿ. ಕೋರ್ಟಿನ ಭಾಷೆ ಉರ್ದು. ಸಂವಿಧಾನದ 374ನೆಯ ವಿಧಿಯು 1950ರ ಜನವರಿ 26ರಂದು ಆ ಕಮಿಟಿಯ ಅಧಿಕಾರವನ್ನು ಕೊನೆಗೊಳಿಸಿ, ಅಲ್ಲಿ ಬಾಕಿಯಿದ್ದ ಮೇಲ್ಮನವಿಗಳನ್ನು ದಿಲ್ಲಿಯ ಸುಪ್ರೀಂ ಕೋರ್ಟಿಗೆ ವರ್ಗಾಯಿಸಿತು. ಕಡೆಯ ಮೇಲ್ಮನವಿ ಕೇಳುವುದಷ್ಟೇ ಅಲ್ಲ, 32ನೆಯ ವಿಧಿಯಂತೆ ಮೂಲಭೂತ ಹಕ್ಕು ಕಾಯುವುದೂ ಅಲ್ಲಿನ ನ್ಯಾಯಮೂರ್ತಿಗಳ ಹೊಣೆಯಾಯಿತು.

ಆದರೆ ಅದಕ್ಕೂ ಮೊದಲೇ ಮುಗಿದುಹೋದ ಮೊಕದ್ದಮೆಗಳ ಗತಿಯೇನು? ತೆಲಂಗಾಣ ಹೋರಾಟದ ಕಾಲದ ಪ್ರಕರಣಗಳಲ್ಲಿ ಶಿಕ್ಷೆಗೊಳಗಾದ ಜನಾರ್ದನ ರೆಡ್ಡಿ ಮತ್ತಿತರರ ಮೇಲ್ಮನವಿಗಳನ್ನು ಹೈದರಾಬಾದ್ ಹೈಕೋರ್ಟು 1949ರ ಡಿಸೆಂಬರಿನಲ್ಲಿ ವಜಾ ಮಾಡಿತ್ತು. ಅವರಲ್ಲಿ ಕೆಲವರಿಗೆ ಮರಣದಂಡನೆ. ಅವರ ಪರವಾಗಿ ಇಂಗ್ಲೆಂಡಿನ ಹೆಸರಾಂತ ವಕೀಲ ಡಿ.ಎನ್. ಪ್ರಿಟ್ ದಿಲ್ಲಿಯಲ್ಲಿ ವಾದಿಸಿದರು. ಸಂಸ್ಥಾನ 1948ರಲ್ಲೇ ಭಾರತದ ಹಿಡಿತಕ್ಕೆ ಬಂದಿತ್ತು, ನಿಜ. ಆದರೆ ತೀರ್ಪಿನ ದಿನ ಅಲ್ಲಿನ ನ್ಯಾಯಾಲಯ ಕಾನೂನಿನ ಕಣ್ಣಿನಲ್ಲಿ ಭಾರತದ ಪ್ರದೇಶದೊಳಗಿನದಲ್ಲ, ವಿಶೇಷ ಅನುಮತಿಯ 136ನೆಯ ವಿಧಿ ಹಿಂದಿನ ತೀರ್ಪುಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 1950ರಲ್ಲಿ ಹೇಳಿತು.

ನೇಣಿನ ಮುಂದೆ ನಿಂತವರಿಗೆ ತಾರೀಖಿನ ಈ ಲೆಕ್ಕ ಕಟುವಾಗಿಯೇ ಕಂಡಿರಬೇಕು. ಆದರೂ ಸಂವಿಧಾನ ಕೊಡದ ಅಧಿಕಾರವನ್ನು ಕೈಗೆತ್ತಿಕೊಳ್ಳಲು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅದೇ ಹೈಕೋರ್ಟು ಕೆಲವೇ ವಾರ ತಡವಾಗಿ ತೀರ್ಪು ಕೊಟ್ಟಿದ್ದರೆ, ದಿಲ್ಲಿಯಲ್ಲಿ ಅರ್ಜಿಯ ವಿಚಾರಣೆಗೆ ಈ ಅಡ್ಡಿಯೇ ಇರುತ್ತಿರಲಿಲ್ಲ.