ಯಾರೋ ಈ ಕೆಗೆಲ್?

ಎರಡು ವರ್ಷದ ಹಿಂದೆ ಮಾಟುಂಗಾದಿಂದ ಸೋದರಮಾವನ ಫೋನ್ ಬಂತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಆಗಿ, ಮೂತ್ರದ ನಳಿಕೆ ತೆಗೆದು ನಾಲ್ಕು ದಿನವಾಗಿತ್ತು. "ಗಡ್ಡೆ ಹೋಯ್ತು ಕಣೋ. ಆದರೆ ಕೆಮ್ಮಿದರೆ ಪಂಚೆ ಒದ್ದೆ. ಡಾಕ್ಟ್ರು ಒಂದು ಚೀಟಿ ಕೊಟ್ಟಿದ್ದಾರೆ, ದಿನಾ ಕೆಗೆಲ್ ಮಾಡಿ ಅಂತ. ಯಾರೋ ಈ ಕೆಗೆಲ್?"

ಆರ್ನಾಲ್ಡ್ ಕೆಗೆಲ್ ಲಾಸ್ ಏಂಜಲೀಸಿನ ಸ್ತ್ರೀರೋಗ ತಜ್ಞರು. ಹೆರಿಗೆಯ ನಂತರ ಮೂತ್ರ ಸೋರುವ ತೊಂದರೆ ಹೊತ್ತು ಬರುತ್ತಿದ್ದ ಹೆಂಗಸರನ್ನು ನೋಡುತ್ತಿದ್ದವರು. ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಬೆನ್ನಿನ ಕೊನೆಯ ಮೂಳೆಯವರೆಗೆ ತೊಟ್ಟಿಲಿನ ಹಾಗೆ ಹರಡಿದ ಸ್ನಾಯುಗಳಿವೆ. ಮೂತ್ರಕೋಶ, ಕರುಳುಗಳನ್ನು ಹೊತ್ತು ನಿಂತಿರುವುದು ಇವೇ. ಕೈಕಾಲಿನ ಸ್ನಾಯುವನ್ನು ವ್ಯಾಯಾಮದಿಂದ ಬಲಪಡಿಸಬಹುದಾದರೆ ಇವನ್ನೇಕೆ ಆಗದು ಎಂಬುದು ಅವರ ತರ್ಕ. ಅದನ್ನವರು 1948ರ ಲೇಖನದಲ್ಲಿ ಮಂಡಿಸಿದರು. ಹೇಳಿಕೊಟ್ಟರೂ ಹಲವರು ಬೇರೆ ಯಾವುದೋ ಸ್ನಾಯುವನ್ನೇ ಬಿಗಿಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಒತ್ತಡ ಅಳೆಯುವ ಪೆರಿನಿಯೋಮೀಟರ್ ಎಂಬ ಉಪಕರಣ ರೂಪಿಸಿದರು. ಮುಳ್ಳು ಮೇಲೇರಿದರೆ ಸರಿಯಾದ ಸ್ನಾಯು ಬಿಗಿದಿದೆ ಎಂದರ್ಥ.

ಅಂದರೆ ಮಾವನ ಚೀಟಿಯಲ್ಲಿದ್ದದ್ದು ಬಾಣಂತಿಯರಿಗೆಂದು ಹುಟ್ಟಿದ ವ್ಯಾಯಾಮ. ಇದನ್ನು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ನಕ್ಕರು.

ಗಂಡಸರಿಗೆ ಇದರ ಅಗತ್ಯ ಬಿದ್ದದ್ದು ಶಸ್ತ್ರಚಿಕಿತ್ಸೆಯ ಚರಿತ್ರೆಯಿಂದ. 1904ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಕ್ಯಾನ್ಸರಿಗಾಗಿ ಪ್ರಾಸ್ಟೇಟನ್ನು ಪೂರ್ತಿ ತೆಗೆದರು. ಆಗಿನ ಪ್ರಶ್ನೆ ರೋಗಿ ಬದುಕುತ್ತಾನೋ ಇಲ್ಲವೋ ಎಂಬುದು. 1982ರಲ್ಲಿ ಅದೇ ಆಸ್ಪತ್ರೆಯಲ್ಲಿ ಪ್ಯಾಟ್ರಿಕ್ ವಾಲ್ಶ್ ಪಕ್ಕದ ನರಗಳನ್ನು ಉಳಿಸಿ ಗ್ರಂಥಿ ತೆಗೆಯುವ ವಿಧಾನ ತೋರಿಸಿದರು. ಬದುಕಿ ಉಳಿದವನು ಹೇಗೆ ಬದುಕುತ್ತಾನೆ ಎಂಬ ಪ್ರಶ್ನೆಗೆ ಬೆಲೆ ಬಂತು.

ಮೂತ್ರಕೋಶದ ಬಾಯಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು ಪ್ರಾಸ್ಟೇಟ್ ಕೂತಿರುತ್ತದೆ. ಅದನ್ನು ತೆಗೆದಾಗ ತಾನಾಗಿಯೇ ಮುಚ್ಚಿಕೊಳ್ಳುವ ಒಳಬಾಗಿಲಿಗೆ ಪೆಟ್ಟು ಬೀಳುತ್ತದೆ. ಉಳಿಯುವುದು ಹೊರಬಾಗಿಲು, ಅದಕ್ಕೆ ಆಸರೆಯಾದ ತಳದ ಸ್ನಾಯುಗಳು. ಅಷ್ಟು ವರ್ಷ ಇಬ್ಬರು ಹೊತ್ತ ಭಾರವನ್ನು ಇನ್ನು ಒಬ್ಬನೇ ಹೊರಬೇಕು.

ಹಾಗಾದರೆ ವ್ಯಾಯಾಮ ಫಲ ಕೊಡುತ್ತದೆಯೇ? ಬೆಲ್ಜಿಯಂನ ಲೂವೆನ್‌ನಲ್ಲಿ 102 ಗಂಡಸರ ಮೇಲೆ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರಲ್ಲಿ ಮೂರು ತಿಂಗಳಿಗೆ ಶೇ. 88 ಮಂದಿಗೆ ಸೋರುವುದು ನಿಂತಿತ್ತು, ಉಳಿದವರಲ್ಲಿ ಶೇ. 56 ಮಂದಿಗೆ. ಆದರೆ 2011ರಲ್ಲಿ ಬ್ರಿಟನ್ನಿನ ಇನ್ನೂ ದೊಡ್ಡ ಅಧ್ಯಯನ ಉತ್ಸಾಹಕ್ಕೆ ತಣ್ಣೀರೆರಚಿತು. ತಜ್ಞರ ಎದುರು ಕೂತು ಕಲಿತವರಲ್ಲಿ ಒಂದು ವರ್ಷದ ನಂತರವೂ ಶೇ. 76 ಮಂದಿಗೆ ಅಷ್ಟಿಷ್ಟು ಸೋರಿಕೆ ಇತ್ತು. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 77. ಬೇಗ ಸುಧಾರಿಸಿಕೊಳ್ಳಲು ವ್ಯಾಯಾಮ ಕೈಹಿಡಿಯಬಹುದು, ಎಲ್ಲರನ್ನೂ ಪೂರ್ತಿ ಸರಿಮಾಡುವ ಮಂತ್ರ ಮಾತ್ರ ಅದಲ್ಲ.

ಮಾವನ ಪಕ್ಕದ ಮನೆಯವರು, "ಇದು ನಮ್ಮ ಮೂಲಬಂಧವೇ ಅಲ್ಲವೇ?" ಎಂದರಂತೆ. ಹದಿನೈದನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಮೂಲಬಂಧದ ವಿವರಣೆ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ 1966ರ ಪುಸ್ತಕದಲ್ಲೂ ಅದು ಬರುತ್ತದೆ. ಬಿಗಿಯುವ ಜಾಗ ಹೆಚ್ಚುಕಡಿಮೆ ಒಂದೇ, ಉದ್ದೇಶ ಬೇರೆ. ಯೋಗಿ ಅಪಾನವನ್ನು ಮೇಲೆತ್ತಲು ನೋಡಿದ. ನನ್ನ ಮಾವನಿಗೆ ಬೇಕಿದ್ದದ್ದು ಒಣ ಪಂಚೆಯಲ್ಲಿ ಮದುವೆ ಮನೆಗೆ ಹೋಗುವುದು.

ಮಾಡುವ ಬಗೆ ಸರಳ. ಹೂಸು ತಡೆಯುವಾಗ ಬಿಗಿಯುವಂತೆ ಬಿಗಿದು, ಕೆಲವು ಸೆಕೆಂಡು ಹಿಡಿದು, ಪೂರ್ತಿ ಸಡಿಲಿಸಬೇಕು. ಉಸಿರು ಕಟ್ಟಬಾರದು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ಕೆಮ್ಮುವ, ಏಳುವ ಮುಂಚೆ ಒಮ್ಮೆ ಬಿಗಿಯುವುದನ್ನು ರೂಢಿಸಿಕೊಳ್ಳಬೇಕು. ನಳಿಕೆ ಇರುವಾಗ ಮಾಡುವಂತಿಲ್ಲ. ಯಾವಾಗ, ಎಷ್ಟು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಮಾವ ಲೋಕಲ್ ರೈಲಿನಲ್ಲಿ ಕೂತೂ ಮಾಡಿದರು, ಯಾರಿಗೂ ತಿಳಿಯದ ಹಾಗೆ. ಏಳನೇ ತಿಂಗಳಿಗೆ ಪ್ಯಾಡ್ ಬಿಟ್ಟರು. ಅದು ವ್ಯಾಯಾಮದ ಫಲವೋ, ಕಾಲ ಮಾಡಿದ ಉಪಕಾರವೋ, ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ಆದರೆ ಅವರ ವಾಕಿಂಗ್ ಗುಂಪಿನಲ್ಲಿ ಇದೇ ಆಪರೇಷನ್ ಆದವರು ಇನ್ನಿಬ್ಬರಿದ್ದರು. ಮೂರು ವರ್ಷದಿಂದ ಒಟ್ಟಿಗೆ ನಡೆಯುತ್ತಿದ್ದರೂ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಮಾವ ಮೊದಲು ಮಾತೆತ್ತಿದ್ದು ಹೀಗೆ: "ಕೆಗೆಲ್ ಅಂತ ಒಬ್ಬ ಡಾಕ್ಟರ್ ಇದ್ದ, ಗೊತ್ತೇನ್ರೀ?"