ಗಿಡದ ಮೈಗಾವಲು

ಒಮ್ಮೆ ಸಿಡುಬು ಎದ್ದು ಬದುಕಿದವರಿಗೆ ಮತ್ತೆ ಆ ಭಯವಿಲ್ಲವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಒಂದೇ ಹೊಲದಲ್ಲಿ ಒಂದು ತಳಿ ತುಕ್ಕು ಹಿಡಿದು ಒಣಗುವಾಗ ನೆರೆಯ ತಳಿ ಹಸುರಾಗಿ ನಿಲ್ಲುವುದನ್ನು ರೈತನೂ ಕಂಡಿದ್ದನು. ಆದರೆ ಈ ಎರಡು ಸಂಗತಿಗಳೂ ಒಂದಕ್ಕೊಂದು ನೆಂಟಸ್ತಿಕೆಯುಳ್ಳವೆಂದು ತಿಳಿಯಲು ಶಾಸ್ತ್ರಜ್ಞರಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ವೃತ್ತಾಂತವನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

1882ರ ಕೊನೆಯಲ್ಲಿ ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫನು ಸಿಸಿಲಿ ದ್ವೀಪದ ಮೆಸ್ಸೀನ ನಗರದಲ್ಲಿದ್ದನು. ಮನೆಯವರೆಲ್ಲ ಸರ್ಕಸ್ಸಿನ ಕಪಿಗಳನ್ನು ನೋಡಲು ಹೋಗಿದ್ದ ಒಂದು ದಿನ ಅವನು ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು, ಗಾಜಿನಂತೆ ತಿಳಿಯಾದ ನಕ್ಷತ್ರಮೀನಿನ ಮರಿಗಳ ಮೈಗೆ ಚುಚ್ಚಿದನು. ಮರುದಿನ ಬೆಳಗ್ಗೆ ನೋಡಲಾಗಿ, ಅಲೆದಾಡುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದುವು. ರಕ್ತದ ಬಿಳಿಯ ಕಣಗಳೇ ರೋಗಾಣುಗಳನ್ನು ನುಂಗುವ ಕಾವಲುಗಾರರೆಂಬ ಅವನ ಸಿದ್ಧಾಂತ ಇಲ್ಲಿಂದ ಬೆಳೆಯಿತು. 1908ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು.

ಮುಳ್ಳನ್ನು ಕೊಟ್ಟ ಗುಲಾಬಿಗಿಡದ ಮೈಗಾವಲು ಎಂಥದೆಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಸೇರಿದುದಾಗಿರಲಿಲ್ಲ. ಗಿಡದಲ್ಲಿ ರಕ್ತವಿಲ್ಲ, ಪ್ರತಿಕಾಯಗಳಿಲ್ಲ. ಪ್ರತಿಯೊಂದು ಕೋಶವೂ ತನ್ನ ಗೋಡೆಯೊಳಗಿನ ಸೆರೆಯಾಳು. ಆದುದರಿಂದ ಆ ಕೆಲಸ ಬೇಸಾಯಶಾಸ್ತ್ರದವರ ಪಾಲಿಗೆ ಬಂದಿತು. ಗೋಧಿಯ ಹಳದಿ ತುಕ್ಕನ್ನು ತಡೆಯುವ ಗುಣವು ಮೆಂಡಲನ ನಿಯಮದಂತೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದೆಂದು ಕೇಂಬ್ರಿಜ್ಜಿನ ಬಿಫನ್ 1905ರಲ್ಲಿ ತೋರಿಸಿದನು. ಮುಂದೆ ಅಮೆರಿಕದ ಉತ್ತರ ಡಕೋಟದಲ್ಲಿ ಹೆರಾಲ್ಡ್ ಫ್ಲೋರ್ ಎಂಬಾತನು ಅಗಸೆಯ ಗಿಡವನ್ನು ಹಿಡಿದನು; ನಮ್ಮ ಉತ್ತರ ಸೀಮೆಯವರು ಚಟ್ನಿಪುಡಿಗೆ ಕುಟ್ಟುವ ಅಗಸೆಯೇ ಇದು. ಇತರರು ಗಿಡವನ್ನು ಮಾತ್ರ ಸಂಕರ ಮಾಡುತ್ತಿದ್ದರೆ, ಇವನು ಗಿಡವನ್ನೂ ಅದನ್ನು ತಿನ್ನುವ ತುಕ್ಕಿನ ಬೂಷ್ಟನ್ನೂ ಬೇರೆಬೇರೆಯಾಗಿ ಸಂಕರ ಮಾಡಿ ಲೆಕ್ಕವಿಟ್ಟನು. ಗಿಡದ ಒಂದೊಂದು ರಕ್ಷಕ ಜೀನಿಗೂ ಬೂಷ್ಟಿನಲ್ಲಿ ಅದಕ್ಕೆ ಜೋಡಿಯಾದ ಒಂದು ಜೀನುಂಟೆಂದು 1940ರ ದಶಕದಲ್ಲಿ ಅವನು ಕಂಡನು. ಕಾವಲುಗಾರನು ಕಳ್ಳನನ್ನು ಒಂದೇ ಗುರುತಿನಿಂದ ಹಿಡಿಯುತ್ತಾನೆ; ಕಳ್ಳನು ಆ ಗುರುತನ್ನು ಅಳಿಸಿಕೊಂಡರೆ ಕಾವಲು ವ್ಯರ್ಥ. ರೋಗ ತಡೆಯುವುದೆಂದು ನಂಬಿ ಬಿತ್ತಿದ ಹೊಸ ತಳಿ ಕೆಲವೇ ವರ್ಷಗಳಲ್ಲಿ ರೈತನಿಗೆ ಕೈಕೊಡುವುದೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನರಿಯೆ.

ನಡುವೆ ಇನ್ನೊಂದು ಮಾತು. ಹೊಗೆಸೊಪ್ಪಿನ ಒಂದೆಲೆಗೆ ವೈರಸ್ ತಗುಲಿದರೆ ಉಳಿದ ಎಲೆಗಳೂ ಬಲಗೊಳ್ಳುವುವೆಂದು 1961ರಲ್ಲಿ ಫ್ರಾಂಕ್ ರಾಸ್ ತೋರಿಸಿದ್ದನು. 1979ರಲ್ಲಿ ಇಂಗ್ಲೆಂಡಿನಲ್ಲಿ ಆ ಎಲೆಗಳಿಗೆ ಆಸ್ಪಿರಿನ್ ಚುಚ್ಚಿದಾಗಲೂ ರೋಗ ತಗ್ಗಿತು! ನಮ್ಮ ತಲೆನೋವಿನ ಗುಳಿಗೆಯ ಹತ್ತಿರದ ಬಂಧುವಾದ ಸ್ಯಾಲಿಸಿಲಿಕ್ ಆಮ್ಲವು ಗಿಡದೊಳಗೆ ಎಚ್ಚರಿಕೆಯ ಸುದ್ದಿಯನ್ನು ಹೊರಡಿಸುವ ಪದಾರ್ಥವೆಂದು ಮುಂದೆ ತಿಳಿಯಿತು.

ಎರಡು ದಾರಿಗಳು ಕೂಡಿದುದು 1994ರಲ್ಲಿ. ಹೊಗೆಸೊಪ್ಪಿನ ವೈರಸನ್ನು ತಡೆಯುವ ಜೀನನ್ನು ಕ್ಯಾಲಿಫೋರ್ನಿಯದಲ್ಲಿ ಬಾರ್ಬರ ಬೇಕರ್ ಎಂಬಾಕೆಯೂ ಸಂಗಡಿಗರೂ ಬೇರ್ಪಡಿಸಿ ಓದಿದಾಗ, ಅದರ ಪ್ರೋಟೀನಿನ ಒಂದು ಭಾಗವು ಹಣ್ಣುನೊಣದ ‘ಟಾಲ್’ ಎಂಬ ಪ್ರೋಟೀನನ್ನು ಹೋಲುತ್ತಿದ್ದಿತು. ಟಾಲ್ ಕೆಟ್ಟ ನೊಣಗಳು ಬೂಷ್ಟು ಹಿಡಿದು ಸಾಯುವುವೆಂದು ಸ್ಟ್ರಾಸ್‌ಬರ್ಗಿನ ಹಾಫ್‌ಮನ್ ತಂಡದವರು ಪ್ರಕಟಿಸಿದುದು 1996ರಲ್ಲಿ. ಇಲಿಯಲ್ಲಿಯೂ ಅಂಥದೇ ಪ್ರೋಟೀನು ಬ್ಯಾಕ್ಟೀರಿಯದ ವಿಷವನ್ನು ಗುರುತಿಸುವುದೆಂದು ಬಾಯ್ಟ್ಲರನು ಕಂಡುದು 1998ರಲ್ಲಿ. ಅಂದರೆ ನೊಣದ ಸುಳಿವು ಸಿಕ್ಕುವುದಕ್ಕೆ ಎರಡು ವರ್ಷ ಮೊದಲೇ ಹೊಗೆಸೊಪ್ಪು ಸಾಕ್ಷ್ಯ ನುಡಿದಿತ್ತು. 2011ರ ನೊಬೆಲ್ ಗೌರವದಲ್ಲಿ ಹಾಫ್‌ಮನ್, ಬಾಯ್ಟ್ಲರರಿಗೆ ಪಾಲು ದೊರೆಯಿತು, ಗಿಡದವರಿಗೆ ದೊರೆಯಲಿಲ್ಲ.

ಹಾಗಾದರೆ ಈ ಕಾವಲು ಗಿಡಕ್ಕೂ ನಮಗೂ ಒಬ್ಬನೇ ಮೂಲಪುರುಷನಿಂದ ಬಂದ ಆಸ್ತಿಯೆ? ಹಾಗೆಂದು ಥಟ್ಟನೆ ಹೇಳಲಾಗದು. ಬ್ಯಾಕ್ಟೀರಿಯ ಈಜುವ ಬಾಲದ ಪ್ರೋಟೀನನ್ನು ಗುರುತಿಸುವ ಗ್ರಾಹಕವು ಸಾಸಿವೆಯ ಕುಲದ ಒಂದು ಸಣ್ಣ ಕಳೆಗಿಡದಲ್ಲಿ 2000ದಲ್ಲಿಯೂ, ಸಸ್ತನಿಗಳಲ್ಲಿ 2001ರಲ್ಲಿಯೂ ಸಿಕ್ಕಿತು. ಎರಡೂ ಹಿಡಿಯುವುದು ಒಂದೇ ಬಾಲವನ್ನು. ಆದರೆ ಆ ಬಾಲದ ಬೇರೆಬೇರೆ ತುಂಡುಗಳನ್ನು. ಉಪಕರಣದ ಕೆಲವು ಬಿಡಿಭಾಗಗಳು ಹಳೆಯವಿರಬಹುದು. ಜೋಡಣೆಯನ್ನು ಗಿಡವೂ ಪ್ರಾಣಿಯೂ ಪ್ರತ್ಯೇಕವಾಗಿಯೇ ಕಂಡುಕೊಂಡಿವೆಯೆಂದು ನನಗೂ ತೋರುತ್ತದೆ.

ಹೊಸ ಶತ್ರುವಿಗೆ ತಕ್ಕಂತೆ ನಮ್ಮ ದೇಹ ಹೊಸ ಪ್ರತಿಕಾಯಗಳನ್ನು ಒದಗಿಸಿಕೊಳ್ಳುತ್ತದೆ; ಗಿಡವು ಬೀಜದೊಡನೆ ಬಂದ ಜೀನುಗಳಿಂದಲೇ ಬಾಳಬೇಕು. ಅದೇ ಕಳೆಗಿಡದ ಮತ್ತೊಂದು ಗ್ರಾಹಕವನ್ನು ಟೊಮೇಟೊ ಗಿಡದಲ್ಲಿ ಸೇರಿಸಿದಾಗ ಅದನ್ನು ಬಾಡಿಸಿ ಕೊಲ್ಲುವ ಬ್ಯಾಕ್ಟೀರಿಯದ ಹಾವಳಿ ಬಹಳ ತಗ್ಗಿತೆಂದು 2010ರಲ್ಲಿ ವರದಿಯಾಯಿತು.